ಡ್ರ್ಯಾಗನ್–ಫೀನಿಕ್ಸ್ ಪಿಂಗಾಣಿ ಬಟ್ಟಲು ನಿಜಕ್ಕೂ ಹಳೆಯದಾ? ಮನೆಯಲ್ಲೇ ಪರೀಕ್ಷೆ ಮಾಡುವ ಬಗೆ

ತಿಂಗಳಿಗೆ ಒಂದಾದರೂ ಫೋಟೊ ಬರುತ್ತದೆ. ಬಿಳಿ ಪಿಂಗಾಣಿ ಬಟ್ಟಲು, ಹೊರಮೈಯಲ್ಲಿ ಕೆಂಪು, ಹಸಿರು ಡ್ರ್ಯಾಗನ್‌ಗಳು, ನಡುವೆ ಉದ್ದ ಬಾಲದ ಹಕ್ಕಿ, ಅಡಿಯಲ್ಲಿ ಆರು ನೀಲಿ ಅಕ್ಷರ. ಜೊತೆಗೆ ಅದೇ ಪ್ರಶ್ನೆ: ‘ಇದು ಹಳೆಯದಾ? ಎಷ್ಟು ಬಾಳುತ್ತದೆ?’ ಸಿಂಗಪುರದಲ್ಲಿರುವ ಮಗಳು ತಂದದ್ದು, ಲಂಡನ್ನಿನ ಭಾನುವಾರದ ಸಂತೆಯಲ್ಲಿ ಸಿಕ್ಕಿದ್ದು, ಅತ್ತೆಯ ಷೋಕೇಸಿನಲ್ಲಿ ನಲವತ್ತು ವರ್ಷದಿಂದ ಕೂತಿರುವುದು, ಎಲ್ಲ ಬಗೆಯೂ ಇರುತ್ತವೆ.

ಫೋಟೊ ನೋಡಿ ಹೇಳುವುದು ಕಷ್ಟ. ಆದರೆ ಅರ್ಧ ಗಂಟೆ ಕೂತರೆ ಮುಕ್ಕಾಲು ಪಾಲು ಕೆಲಸ ನೀವೇ ಮಾಡಬಹುದು. ಒಂದೇ ಷರತ್ತು: ಯಾವ ವಂಶ, ಯಾವ ದೊರೆಯ ಕಾಲದ್ದು ಎಂದು ಹೇಳುವ ಅಡಿಯ ಅಕ್ಷರಗಳನ್ನು ಕೊನೆಗೆ ನೋಡಿ. ಎಲ್ಲರೂ ಮೊದಲು ನೋಡುವುದು ಅದನ್ನೇ, ಮೋಸ ಹೋಗುವುದೂ ಅಲ್ಲೇ.

ಮೊದಲು, ಅಸಲಿ ಬಟ್ಟಲು ಹೇಗಿರುತ್ತದೆ

ಚೀನಾದ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಜಿಂಗ್‌ದೆಜೆನ್ ಎಂಬ ಊರಿದೆ. ನೂರಾರು ವರ್ಷ ಅರಮನೆಗೆ ಪಿಂಗಾಣಿ ಹೋಗುತ್ತಿದ್ದದ್ದು ಅಲ್ಲಿಂದ. ನಾವು ಮಾತಾಡುತ್ತಿರುವ ಬಟ್ಟಲು ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1662ರಿಂದ 1722ರ ನಡುವೆ, ಒಂದು ಮಾದರಿಯಾಗಿ ನೆಲೆಯಾಯಿತು. ಮುಂದೆ ಬಂದ ದೊರೆಗಳೆಲ್ಲ ಹೆಚ್ಚುಕಮ್ಮಿ ಅದೇ ಚಿತ್ರವನ್ನು ಮತ್ತೆ ಮತ್ತೆ ಮಾಡಿಸಿದರು. ಒಂದು ಗೇಣಿಗಿಂತ ಸ್ವಲ್ಪ ಚಿಕ್ಕ ಬಟ್ಟಲು. ಹೊರಗೆ ಒಂದು ಕೆಂಪು, ಒಂದು ಹಸಿರು ಡ್ರ್ಯಾಗನ್, ಉರಿಯುವ ಮುತ್ತಿನ ಹಿಂದೆ ಓಡುತ್ತಿರುತ್ತವೆ. ನಡುವೆ ಎರಡು ಫೀನಿಕ್ಸ್, ಸುತ್ತ ಹೂಬಳ್ಳಿ. ಒಳಗೆ ತಳದಲ್ಲಿ ಎರಡು ನೀಲಿ ವೃತ್ತ, ಅದರೊಳಗೆ ಸುರುಳಿ ಸುತ್ತಿದ ಕೆಂಪು ಡ್ರ್ಯಾಗನ್.

ಬಾಯಿಯ ಅಂಚಿನ ಕೆಳಗೆ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಬೌದ್ಧರ ಎಂಟು ಮಂಗಳ ಚಿಹ್ನೆಗಳು: ಶಂಖ, ಚಕ್ರ, ಛತ್ರ, ಕಮಲ, ಕಲಶ, ಜೋಡಿಮೀನು, ಮೇಲ್ಕಟ್ಟು, ಕೊನೆಯಿಲ್ಲದ ಗಂಟು. ಬೌದ್ಧಧರ್ಮದ ಜೊತೆ ಇಲ್ಲಿಂದಲೇ ಹೋದವು, ಹಾಗಾಗಿ ಅರ್ಧಕ್ಕರ್ಧ ನಮಗೆ ಪರಿಚಯದ ಮುಖಗಳೇ.

ಡ್ರ್ಯಾಗನ್ ಎಂದರೆ ಚಕ್ರವರ್ತಿ, ಫೀನಿಕ್ಸ್ ಎಂದರೆ ಮಹಾರಾಣಿ. ಎರಡೂ ಸೇರಿದರೆ ಮದುವೆ, ಶುಭ. ಇಂದಿಗೂ ಚೀನೀಯರ ಮದುವೆಯಲ್ಲಿ ಈ ಜೋಡಿ ಇರುತ್ತದೆ. ಇನ್ನೊಂದು ಮಾತು. ಈ ‘ಫೀನಿಕ್ಸ್’ ಬೂದಿಯಿಂದ ಎದ್ದು ಬರುವ ಗ್ರೀಕರ ಹಕ್ಕಿ ಅಲ್ಲ. ಚೀನೀಯರ ಫೆಂಗ್‌ಹುವಾಂಗ್‌ಗೆ ಯುರೋಪಿನವರು ತಮಗೆ ಗೊತ್ತಿದ್ದ ಹೆಸರು ಅಂಟಿಸಿದರು, ಅಷ್ಟೇ.

ಮೂರು ಪದ ತಿಳಿದಿರಲಿ

ಗ್ಲೇಜ್: ಪಿಂಗಾಣಿಯ ಮೇಲಿನ ಗಾಜಿನಂಥ ಪಾರದರ್ಶಕ ಪದರ. ಜೇಡಿಯ ಜೊತೆಗೇ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುತ್ತದೆ.

ಎನಾಮೆಲ್: ಬಣ್ಣ ಕೊಡುವ ಲೋಹ ಸೇರಿಸಿದ ಗಾಜಿನ ಪುಡಿ. ಬೆಂದ ಪಿಂಗಾಣಿಯ ಗ್ಲೇಜ್ ಮೇಲೆ ಇದರಿಂದ ಬರೆದು, ಮತ್ತೊಮ್ಮೆ ಚಿಕ್ಕ ಭಟ್ಟಿಯಲ್ಲಿ 800 ಡಿಗ್ರಿ ಆಸುಪಾಸಿನಲ್ಲಿ ಸುಡುತ್ತಾರೆ. ಅದಕ್ಕೇ ಬೆರಳಿಗೆ ಉಬ್ಬು ಸಿಗುತ್ತದೆ.

ವುತ್ಸಾಯ್: ‘ಐದು ಬಣ್ಣ’ ಎಂದು ಅರ್ಥ. ನೀಲಿಯನ್ನು ಗ್ಲೇಜಿನ ಕೆಳಗೆ ಕೋಬಾಲ್ಟ್‌ನಿಂದ ಬರೆದು, ಕೆಂಪು, ಹಸಿರು, ಹಳದಿ, ಬದನೆಕಾಯಿ ಬಣ್ಣಗಳನ್ನು ಮೇಲೆ ಎನಾಮೆಲ್‌ನಿಂದ ಬರೆಯುವ ರೀತಿ. ನಮ್ಮ ಬಟ್ಟಲು ಈ ಜಾತಿಯದು.

ಏನೇನು ಬೇಕು

ದಪ್ಪ ಟರ್ಕಿ ಟವೆಲ್, ಮೊಬೈಲ್ ಟಾರ್ಚ್, ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟಿನ ಲೆನ್ಸ್, ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್, ಅಳತೆ ಟೇಪು. ಲೆನ್ಸ್ ಇಲ್ಲದೆ ಶುರು ಮಾಡಬೇಡಿ. ಉಳಿದದ್ದು ಹೇಗೋ ನಡೆಯುತ್ತದೆ.

ಹಂತ 1: ಕೈಗೆತ್ತಿಕೊಳ್ಳುವುದು

ಉಂಗುರ, ಬಳೆ, ವಾಚು ತೆಗೆದಿಡಿ. ಟವೆಲ್ ಹಾಸಿ, ಅದರ ಮೇಲೆಯೇ ಕೆಲಸ. ಎರಡೂ ಕೈಯಲ್ಲಿ, ಮೈಯಿಂದ ಹಿಡಿಯಿರಿ. ಅಂಚು ಹಿಡಿದು ಎತ್ತಬೇಡಿ, ಅಲ್ಲಿ ಹಳೆಯ ರಿಪೇರಿ ಇದ್ದರೆ ತುಂಡು ಕೈಯಲ್ಲೇ ಉಳಿಯುತ್ತದೆ.

ಧೂಳಿದ್ದರೆ ಮೆತ್ತನೆಯ ಬ್ರಷ್ ಸಾಕು. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಉಜ್ಜುವ ಪುಡಿ, ತೆಂಗಿನ ನಾರು ಯಾವುದೂ ಬೇಡ. ಹುಳಿ ಎನಾಮೆಲ್ ಅನ್ನು ತಿನ್ನುತ್ತದೆ, ಚಿನ್ನದ ಗೆರೆ ಉಜ್ಜಿದರೆ ಹೋಗುತ್ತದೆ. ಕೊಳೆ ಕೂಡ ಸಾಕ್ಷಿಯೇ, ಅದನ್ನು ಈಗಲೇ ತೊಳೆದುಬಿಡಬೇಡಿ.

ಹಂತ 2: ತಟ್ಟಿ, ಬೆಳಕು ಹಿಡಿದು ನೋಡುವುದು

ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ಕೊಳ್ಳುತ್ತೇವಲ್ಲ, ಹಾಗೆಯೇ. ಬಟ್ಟಲನ್ನು ಅಂಗೈ ಮೇಲೆ ಇಟ್ಟು ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟಿ. ಗಂಟೆಯಂತೆ ಸದ್ದು ಎಳೆದರೆ ಮೈ ಗಟ್ಟಿ ಇದೆ. ‘ಠಕ್’ ಎಂದು ನಿಂತರೆ ಎಲ್ಲೋ ಬಿರುಕಿದೆ. ಆಮೇಲೆ ಒಳಗಿನಿಂದ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಕೂದಲೆಳೆಯಂಥ ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ.

ಇದರಿಂದ ವಯಸ್ಸು ಗೊತ್ತಾಗುವುದಿಲ್ಲ. ಹೊಸ ಬಟ್ಟಲೂ ಚೆನ್ನಾಗಿಯೇ ಗಂಟೆ ಹೊಡೆಯುತ್ತದೆ.

ಹಂತ 3: ತಲೆಕೆಳಗು ಮಾಡಿ ತಳದ ಬಳೆ ನೋಡುವುದು

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಬಟ್ಟಲು ನಿಲ್ಲುವ ಉಂಗುರದಂಥ ಅಂಚನ್ನು ತಳದ ಬಳೆ ಎನ್ನೋಣ. ಅದರ ತುದಿಗೆ ಗ್ಲೇಜ್ ಇರುವುದಿಲ್ಲ, ಇದ್ದರೆ ಭಟ್ಟಿಯಲ್ಲಿ ಕೆಳಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಬರಿಯ ಜೇಡಿ ಕಣ್ಣಿಗೆ ಕಾಣುವ ಒಂದೇ ಜಾಗ ಇದು.

ಬೆರಳ ತುದಿ ಇಟ್ಟು ಒಂದು ಸುತ್ತು ಎಳೆಯಿರಿ. ಅರಮನೆಯ ಒಳ್ಳೆಯ ಕೆಲಸದಲ್ಲಿ ಬಳೆಯ ತುದಿ ದುಂಡಗೆ, ರೇಷ್ಮೆಯಂತೆ ನುಣುಪು. ಚೀನೀ ಸಂಗ್ರಾಹಕರು ಇದನ್ನು ‘ಕೆಸರುಮೀನಿನ ಬೆನ್ನು’ ಎನ್ನುತ್ತಾರೆ. ಮುಟ್ಟಿದರೆ ಹೆಸರು ಯಾಕೆ ಬಂತೆಂದು ಗೊತ್ತಾಗುತ್ತದೆ. ಚೂಪಾಗಿ, ಮರಳು ಮರಳಾಗಿ ಇದ್ದರೆ ಅನುಮಾನ ಪಡಿ. ಬರಿಯ ಜೇಡಿಗೂ ಗ್ಲೇಜಿಗೂ ಸೇರುವ ಕಡೆ ಹಳೆಯ ವಸ್ತುಗಳಲ್ಲಿ ತೆಳ್ಳಗಿನ ಕಿತ್ತಳೆ ಗೆರೆ ಇರುವುದುಂಟು. ಜೇಡಿಯಲ್ಲಿದ್ದ ಕಬ್ಬಿಣ ಬೆಂಕಿಗೆ ಬಣ್ಣ ತಿರುಗಿದ್ದು ಅದು. ಆ ಗೆರೆಯನ್ನು ಬಣ್ಣದಿಂದ ಬರೆಯುವವರೂ ಇದ್ದಾರೆ. ಬರೆದ ಗೆರೆ ಒಂದೇ ದಪ್ಪವಾಗಿ ಸುತ್ತಲೂ ಓಡುತ್ತದೆ. ನಿಜವಾದದ್ದು ಅಲ್ಲಲ್ಲಿ ಮಾಸಿ, ಅಲ್ಲಲ್ಲಿ ದಟ್ಟವಾಗಿರುತ್ತದೆ.

ಈಗ ಲೆನ್ಸ್ ಹಿಡಿದು ಸವೆತ ನೋಡಿ. ನೂರಾರು ವರ್ಷ ಎತ್ತಿ ಇಟ್ಟು ಮಾಡಿದ ಬಟ್ಟಲಲ್ಲಿ ಗೀರುಗಳು ದಿಕ್ಕುಪಾಲಾಗಿ ಇರುತ್ತವೆ. ಒಂದು ಉದ್ದ, ಒಂದು ಗಿಡ್ಡ, ಒಂದು ಆಳ. ಮರಳು ಕಾಗದದಿಂದ ಉಜ್ಜಿದ್ದರೆ ಗೀರುಗಳು ಒಂದೇ ಕಡೆಗೆ ಬಾಚಿದ ಕೂದಲಿನಂತೆ ಮಲಗಿರುತ್ತವೆ. ಒಳಗೂ ನೋಡಿ. ತಳದಲ್ಲಿ ಜೋರು ಸವೆತ ಇದ್ದು ಒಳಗೆ ಒಂದು ಗೀರೂ ಇಲ್ಲದಿದ್ದರೆ ಯಾರೋ ತಳಕ್ಕೆ ಮಾತ್ರ ‘ವಯಸ್ಸು’ ಬರಿಸಿದ್ದಾರೆ.

ಕೊಳೆಯೂ ಹಾಗೆಯೇ. ಟೀ ಡಿಕಾಕ್ಷನ್, ಷೂ ಪಾಲಿಷ್, ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಿದು ಹಳೆಯದು ಮಾಡುವುದು ಮಾಮೂಲು. ಒದ್ದೆ ಹತ್ತಿಯಿಂದ ಒಂದು ಮೂಲೆ ಒರೆಸಿ ನೋಡಿ, ಕಂದು ಬಣ್ಣ ಹತ್ತಿಗೆ ಬಂತೋ ಇಲ್ಲವೋ.

ಇದು ಇಂದಿನ ವಿದ್ಯೆ ಅಲ್ಲ ಬಿಡಿ. ಫ್ರಾನ್ಸಿನ ಪಾದ್ರಿ ದಾಂತ್ರಕೋಲ್ 1712ರಲ್ಲಿ ಚೀನಾದಿಂದ ಬರೆದ ಪತ್ರದಲ್ಲಿ ಇದರ ವಿವರವಿದೆ. ಹೊಸ ಪಾತ್ರೆಯನ್ನು ಕೋಳಿ, ಮಾಂಸದ ಜಿಡ್ಡು ಸಾರಿನಲ್ಲಿ ಬೇಯಿಸಿ, ಆಮೇಲೆ ತಿಂಗಳುಗಟ್ಟಲೆ ಗಬ್ಬು ನಾರುವ ಚರಂಡಿಯಲ್ಲಿ ಹೂತಿಟ್ಟು, ‘ಮುನ್ನೂರು ನಾನೂರು ವರ್ಷ ಹಳೆಯದು’ ಎಂದು ಮಾರುತ್ತಿದ್ದರಂತೆ. ಅಂದರೆ ನಿಮ್ಮ ಕೈಲಿರುವುದು ನಿಜವಾಗಿಯೂ ಮುನ್ನೂರು ವರ್ಷದ ನಕಲಿ ಆಗಿರಲೂಬಹುದು. ಹಾಗಿದ್ದರೆ ಅದೃಷ್ಟ!

ಹಂತ 4: ಲೆನ್ಸ್‌ನಲ್ಲಿ ಬಣ್ಣ ನೋಡುವುದು

ಮೊದಲು ಚುಕ್ಕಿ ಪರೀಕ್ಷೆ. ಡ್ರ್ಯಾಗನ್ನಿನ ಕಣ್ಣಿನ ಹತ್ತಿರ ಲೆನ್ಸ್ ಇಡಿ. ಪೇಪರಿನ ಫೋಟೊದಲ್ಲಿ ಕಾಣುವಂತೆ ಸಾಲಾಗಿ ಚುಕ್ಕಿಗಳು ಕಂಡರೆ ಅದು ಸ್ಟಿಕ್ಕರಿನಂತೆ ಅಂಟಿಸಿ ಸುಟ್ಟ ಅಚ್ಚು. ಪರೀಕ್ಷೆ ಅಲ್ಲಿಗೇ ಮುಗಿಯಿತು. ನಾನು ಕೊಂಡ ಮೊದಲ ಬಟ್ಟಲು ಈ ಪರೀಕ್ಷೆಯಲ್ಲೇ ಬಿತ್ತು, ಅದೂ ಮನೆಗೆ ತಂದ ಮೇಲೆ. ಈಗ ಅದರಲ್ಲಿ ಬೀಗದ ಕೈಗಳಿವೆ.

ಚುಕ್ಕಿ ಇಲ್ಲದಿದ್ದರೆ ಮುಂದೆ ಹೋಗಿ. ಹಸಿರು ಡ್ರ್ಯಾಗನ್ನಿನ ಮೈ ನೋಡಿ. ಹುರುಪೆಗಳ ಕಪ್ಪು ಗೆರೆ ಕೆಳಗಿರಬೇಕು, ಅದರ ಮೇಲೆ ಹಸಿರು ಎನಾಮೆಲ್ ಬಣ್ಣದ ಗಾಜಿನಂತೆ ಹರಡಿರಬೇಕು. ಕೆರೆ ನೀರಿನ ಮೂಲಕ ತಳದ ಕಲ್ಲು ಕಂಡ ಹಾಗೆ. ಕೆಂಪು ಬೇರೆ ಥರ. ಅದು ಕಬ್ಬಿಣದ ಕೆಂಪು, ತೆಳ್ಳಗೆ, ಅಷ್ಟೇನೂ ಹೊಳೆಯದೆ, ಕುಂಚದ ಎಳೆ ಕಾಣುವಂತೆ ಇರುತ್ತದೆ. ಬಳಸಿದ ಬಟ್ಟಲಲ್ಲಿ ಮೊದಲು ಸವೆಯುವುದೂ ಈ ಕೆಂಪೇ. ನೀಲಿಯನ್ನು ಬೆರಳಿನಿಂದ ಸವರಿ. ಉಬ್ಬು ಸಿಗಬಾರದು, ಅದು ಗ್ಲೇಜಿನ ಕೆಳಗಿದೆ.

ಬಟ್ಟಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವು ಹಳೆಯ ಎನಾಮೆಲ್‌ಗಳ ಸುತ್ತ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಕಾಮನಬಿಲ್ಲಿನ ಹೊಳಪು ಕಾಣುತ್ತದೆ. ಒಳ್ಳೆಯ ಗುರುತು, ಆದರೆ ಇದನ್ನೂ ನಕಲು ಮಾಡುತ್ತಾರೆ. ಇದೊಂದನ್ನೇ ನಂಬಬೇಡಿ.

ಮೈ ಪೂರ್ತಿ ಮಂಕಾಗಿ, ಮಸಿಬಟ್ಟೆಯಿಂದ ಒರೆಸಿದ ಗಾಜಿನಂತೆ ಕಂಡರೆ ಆಮ್ಲದಲ್ಲಿ ಅದ್ದಿರಬಹುದು. ಹೊಸ ಗ್ಲೇಜಿನ ಹೊಳಪು ಕಳೆಯಲು ಹೈಡ್ರೋಫ್ಲೋರಿಕ್ ಆಮ್ಲ ಬಳಸುತ್ತಾರೆ. ನಿಜವಾದ ಸವೆತ ಎದ್ದು ಕಾಣುವ ಜಾಗದಲ್ಲಿ ಜಾಸ್ತಿ, ಸಂದಿಯಲ್ಲಿ ಕಮ್ಮಿ. ಆಮ್ಲಕ್ಕೆ ಆ ಭೇದ ಗೊತ್ತಿಲ್ಲ.

ಇನ್ನು ಗುಲಾಬಿ ಬಣ್ಣ. ಚಿನ್ನದಿಂದ ತಯಾರಾಗುವ ಗುಲಾಬಿ ಎನಾಮೆಲ್ ಚೀನಾದಲ್ಲಿ ಬಳಕೆಗೆ ಬಂದದ್ದು 1720ರ ಸುಮಾರಿಗೆ. ಈ ಬಗೆಯನ್ನು ಫೆನ್‌ತ್ಸಾಯ್ ಎನ್ನುತ್ತಾರೆ, ಯುರೋಪಿನಲ್ಲಿ ಇಟ್ಟ ಹೆಸರು ‘ಫಮೀ ರೋಸ್’, ಗುಲಾಬಿ ಕುಟುಂಬ. ಹಾಗಾಗಿ 1644ಕ್ಕೇ ಮುಗಿದ ಮಿಂಗ್ ವಂಶದ ಹೆಸರು ತಳದಲ್ಲಿದ್ದು, ಮೈಮೇಲೆ ಗುಲಾಬಿ ಹೂ ಇದ್ದರೆ ತಳದ ಹೆಸರು ಸುಳ್ಳು. ವಾದಕ್ಕೆ ಜಾಗವೇ ಇಲ್ಲ.

ಹಂತ 5: ಉಗುರು ಎಣಿಸುವುದು

ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಗೆ, ನಾಲ್ಕು ಉಗುರಿನದು ಅವನ ಕೆಳಗಿನವರಿಗೆ ಎಂಬ ನಿಯಮ ಇತ್ತು. ‘ಐದಿವೆ, ಹಾಗಾದರೆ ಅರಮನೆಯದೇ’ ಎಂದು ಕುಣಿಯಬೇಡಿ. ಚಕ್ರವರ್ತಿಯೇ ಹೋದ ಮೇಲೆ, 1912ರಿಂದ ಈಚೆಗೆ, ಐದು ಉಗುರು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೂರೇ ಉಗುರು ಇದ್ದರೆ ಜಪಾನಿನದಾ ಎಂದು ಯೋಚಿಸಿ. ಅಲ್ಲಿನ ಡ್ರ್ಯಾಗನ್‌ಗಳಿಗೆ ಸಾಮಾನ್ಯವಾಗಿ ಮೂರು. ಬೂದು ಕಪ್ಪು ಮೈ, ಅದರ ಮೇಲೆ ಕೇಕಿನ ಕ್ರೀಮಿನಂತೆ ಉಬ್ಬಿದ ಡ್ರ್ಯಾಗನ್, ಟೀ ಕಪ್‌ನ ತಳವನ್ನು ಬೆಳಕಿಗೆ ಹಿಡಿದರೆ ಹೆಂಗಸಿನ ಮುಖ: ಇಂಥ ಟೀ ಸೆಟ್ಟುಗಳ ಫೋಟೊ ಬಹಳ ಬರುತ್ತವೆ. ಅವು 20ನೇ ಶತಮಾನದ ಜಪಾನಿನ ಸರಕು. ಚಂದ ಇವೆ, ಚೀನಾದ್ದಲ್ಲ.

ಚಿತ್ರ ಬರೆದ ಕೈಯೂ ಮಾತಾಡುತ್ತದೆ. ಕಾಂಗ್‌ಶಿ ಕಾಲದ ಡ್ರ್ಯಾಗನ್‌ಗೆ ಬಲವಾದ ಕುತ್ತಿಗೆ, ಬೀಸು ಇದೆ. 19ನೇ ಶತಮಾನಕ್ಕೆ ಬರುವಾಗ ಅದೇ ಚಿತ್ರ ನೂರನೇ ಸಲ ಕಾಪಿ ತೆಗೆದಂತೆ ಬಿಗಿಯಾಗುತ್ತದೆ, ಮುಖ ಸಾಧುವಾಗುತ್ತದೆ. ಇದು ಕಣ್ಣಿನ ಅಭ್ಯಾಸ. ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ಐವತ್ತು ಅಸಲಿ ಬಟ್ಟಲು ನೋಡಿದ ಮೇಲೆ ಐವತ್ತೊಂದನೆಯದು ತಾನಾಗಿ ಕಾಣುತ್ತದೆ. ಹೈದರಾಬಾದಿಗೆ ಹೋದರೆ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಚೀನೀ ಪಿಂಗಾಣಿ ತಪ್ಪಿಸಬೇಡಿ.

ಡ್ರ್ಯಾಗನ್ ಇಲ್ಲದೆ ಗುಲಾಬಿ, ಹಸಿರು ಹಿನ್ನೆಲೆಯಲ್ಲಿ ಫೀನಿಕ್ಸ್ ಮತ್ತು ಪಿಯೊನಿ ಹೂ ಮಾತ್ರ ಇದ್ದರೆ? ಸಿಂಗಪುರ, ಮಲಾಕ್ಕಾ, ಪೆನಾಂಗ್‌ನ ಪೆರಾನಕನ್ ಜನ, ಅಂದರೆ ಅಲ್ಲಿ ತಲೆಮಾರುಗಳಿಂದ ನೆಲೆಸಿದ ಚೀನೀಯರು, ಜಿಂಗ್‌ದೆಜೆನ್‌ನಿಂದ ಮಾಡಿಸಿಕೊಳ್ಳುತ್ತಿದ್ದ ನ್ಯೋನ್ಯಾ ಪಾತ್ರೆ ಇರಬಹುದು. ಸಿಂಗಪುರದಲ್ಲಿರುವ ಕನ್ನಡಿಗರಿಗೆ ಪೆರಾನಕನ್ ಮ್ಯೂಸಿಯಂ ಹತ್ತಿರದಲ್ಲೇ ಇದೆ, ಹೋಲಿಸಿ ನೋಡಿ.

ಹಂತ 6: ಈಗ ಅಕ್ಷರ ಓದುವುದು

ಆರು ಅಕ್ಷರ, ಮೂರು ಮೂರರ ಎರಡು ಸಾಲು. ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಓದಬೇಕು. ಮೊದಲನೆಯದು ‘ದಾ’, ಮಹಾ ಎಂದು ಅರ್ಥ. ಕೈಕಾಲು ಅಗಲಿಸಿ ನಿಂತ ಮನುಷ್ಯನಂತೆ ಕಾಣುತ್ತದೆ. ಅದು ಮೇಲೆ ಬಲಗಡೆ ಬರುವಂತೆ ಬಟ್ಟಲು ತಿರುಗಿಸಿಕೊಳ್ಳಿ. ಎರಡನೆಯದು ವಂಶ: ಮಿಂಗ್ ಅಥವಾ ಚಿಂಗ್. ಮೂರು, ನಾಲ್ಕು ಸೇರಿ ಚಕ್ರವರ್ತಿಯ ಆಳ್ವಿಕೆಯ ಹೆಸರು. ಕೊನೆಯ ಎರಡು ‘ಕಾಲದಲ್ಲಿ ತಯಾರಾದದ್ದು’.

ಚಿಂಗ್ ದೊರೆಗಳ ಕಾಲ: ಕಾಂಗ್‌ಶಿ 1662–1722, ಯೊಂಗ್‌ಜೆಂಗ್ 1723–1735, ಚಿಯೆನ್‌ಲಾಂಗ್ 1736–1795, ಜಿಯಾಚಿಂಗ್ 1796–1820, ದಾವ್‌ಗುವಾಂಗ್ 1821–1850, ಶಿಯೆನ್‌ಫೆಂಗ್ 1851–1861, ತೊಂಗ್‌ಜಿ 1862–1874, ಗುವಾಂಗ್‌ಶು 1875–1908, ಶುವಾನ್‌ತೊಂಗ್ 1909–1911. ಶಿಯೆನ್‌ಫೆಂಗ್ ಹೆಸರಿನ ಅಸಲಿ ವಸ್ತು ಅಪರೂಪ, ತೈಪಿಂಗ್ ದಂಗೆಯಲ್ಲಿ ಜಿಂಗ್‌ದೆಜೆನ್‌ನ ಭಟ್ಟಿಗಳೇ ನಾಶವಾದವು.

ಚಿಯೆನ್‌ಲಾಂಗ್, ದಾವ್‌ಗುವಾಂಗ್ ಹೆಸರುಗಳು ಈ ಬಟ್ಟಲುಗಳಲ್ಲಿ ಮುದ್ರೆಯಂಥ ಚೌಕ ಲಿಪಿಯಲ್ಲಿರುತ್ತವೆ. ಕಾಂಗ್‌ಶಿ, ಗುವಾಂಗ್‌ಶು ಮಾಮೂಲಿ ಕೈಬರಹದಲ್ಲಿ. ಬಣ್ಣ ಗ್ಲೇಜಿನ ಕೆಳಗಿನ ನೀಲಿ.

ಇಲ್ಲಿ ಬೀಳುವ ಗುಂಡಿಗಳು ಮೂರು.

ಒಂದು, ಹಳೆಯ ದೊರೆಯ ಹೆಸರು ಬರೆಯುವುದು ಚೀನಾದಲ್ಲಿ ಮೋಸ ಮಾತ್ರ ಆಗಿರಲಿಲ್ಲ, ಗೌರವವೂ ಆಗಿತ್ತು. ಕಾಂಗ್‌ಶಿ ಕಾಲದವರು ಮಿಂಗ್ ದೊರೆ ಚೆಂಗ್‌ಹುವಾನ ಹೆಸರು ಬರೆದರು. 19ನೇ ಶತಮಾನದ ಕೊನೆಯವರು ಕಾಂಗ್‌ಶಿಯ ಹೆಸರು ಬರೆದರು. ತಳದಲ್ಲಿ ಕಾಂಗ್‌ಶಿ ಇದ್ದು, ಡ್ರ್ಯಾಗನ್ ಸಾಧು, ಬಣ್ಣ ಚಪ್ಪಟೆ ಎಂದರೆ ನೂರಿಪ್ಪತ್ತು ವರ್ಷದ ಒಳ್ಳೆಯ ಬಟ್ಟಲು ಇರಬಹುದು. ಬಿಸಾಡಬೇಡಿ ಮತ್ತೆ.

ಎರಡು, ಕೆಂಪು ರಬ್ಬರ್ ಸ್ಟ್ಯಾಂಪು. ಚೌಕಾಕಾರದ, ಅಂಚು ಹರಡಿದ ಕೆಂಪು ಮುದ್ರೆಯಲ್ಲಿ ಚಿಯೆನ್‌ಲಾಂಗ್ ಹೆಸರಿದ್ದರೆ ಹೆಚ್ಚಿನ ಸಲ ಅದು 20ನೇ ಶತಮಾನದ ಷೋಕೇಸ್ ಸಾಮಾನು.

ಮೂರು, ಇಂಗ್ಲಿಷ್. ‘ಚೈನಾ’ ಎಂದು ಇಂಗ್ಲಿಷಿನಲ್ಲಿ ಇದ್ದರೆ 1891ರಿಂದ ಈಚಿನದು, ಏಕೆಂದರೆ ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಬೇಕೆಂಬ ಅಮೆರಿಕದ ಕಾನೂನು ಜಾರಿಗೆ ಬಂದದ್ದು ಆಗ. ‘ಮೇಡ್ ಇನ್ ಚೈನಾ’ ಇನ್ನೂ ಈಚಿನದು. ‘ಡೆಕೊರೇಟೆಡ್ ಇನ್ ಹಾಂಗ್‌ಕಾಂಗ್’ ಎಂದರೆ ಜಪಾನಿನ ಖಾಲಿ ಪಿಂಗಾಣಿ ತರಿಸಿ ಹಾಂಗ್‌ಕಾಂಗ್‌ನಲ್ಲಿ ಬಣ್ಣ ಹಾಕಿದ್ದು. ‘ಮೈಕ್ರೋವೇವ್ ಸೇಫ್’ ಎಂದಿದ್ದರೂ ಫೋಟೊ ಕಳಿಸಿದವರಿದ್ದಾರೆ, ನಗಬೇಡಿ.

ಹಂತ 7: ರಿಪೇರಿ ಹುಡುಕುವುದು

ಕೋಣೆ ಕತ್ತಲೆ ಮಾಡಿ ಯುವಿ ಟಾರ್ಚ್ ಹಿಡಿಯಿರಿ. ಅಂಟು, ಮೇಲಿಂದ ಹೊಡೆದ ಬಣ್ಣ ಬಹಳ ಸಲ ಸುತ್ತಲಿನ ಮೈಗಿಂತ ಬೇರೆ ಥರ ಹೊಳೆಯುತ್ತದೆ. ಬೆರಳಿಗೂ ಗೊತ್ತಾಗುತ್ತದೆ: ಪಿಂಗಾಣಿ ತಣ್ಣಗೆ, ರಿಪೇರಿ ಮಾಡಿದ ಜಾಗ ಪ್ಲಾಸ್ಟಿಕ್ಕಿನಂತೆ ಬೆಚ್ಚಗೆ. ಕೂದಲೆಳೆ ಬಿರುಕಿದ್ದರೂ ಬೆಲೆ ಜೋರಾಗಿ ಇಳಿಯುತ್ತದೆ, ಹಾಗಾಗಿ ಕೊಳ್ಳುವ ಮುಂಚೆ ಈ ಹಂತ ಬಿಡಬೇಡಿ.

ಹಂತ 8: ಫೋಟೊ ತೆಗೆದು ಕೇಳುವುದು

ಇಷ್ಟೆಲ್ಲ ದಾಟಿ ಬಂದರೆ ಮಾತ್ರ ತಜ್ಞರ ಹತ್ತಿರ ಹೋಗಿ. ಫ್ಲಾಷ್ ಬೇಡ, ಕಿಟಕಿ ಬೆಳಕು ಸಾಕು. ನಾಲ್ಕೂ ಕಡೆಯಿಂದ, ಒಳಗಿನಿಂದ, ಪೂರ್ತಿ ತಳ, ತಳದ ಬಳೆ ಹತ್ತಿರದಿಂದ, ಅಕ್ಷರ ಹತ್ತಿರದಿಂದ, ಎನಾಮೆಲ್ ಹತ್ತಿರದಿಂದ, ಇದ್ದರೆ ಬಿರುಕು. ಅಗಲ, ಎತ್ತರ ಸೆಂಟಿಮೀಟರಿನಲ್ಲಿ. ಎಲ್ಲಿಂದ, ಯಾವಾಗ ಬಂತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ, ಹಳೆಯ ರಸೀದಿ ಇದ್ದರೆ ಅದರ ಫೋಟೊ ಕೂಡ. ದೊಡ್ಡ ಹರಾಜು ಸಂಸ್ಥೆಗಳು ಫೋಟೊ ನೋಡಿ ಪುಕ್ಕಟೆ ಅಂದಾಜು ಹೇಳುತ್ತವೆ. ಮ್ಯೂಸಿಯಮ್ಮಿನವರು ಬೆಲೆ ಹೇಳುವುದಿಲ್ಲ, ಕೇಳಿ ಮುಜುಗರ ಮಾಡಬೇಡಿ. ಮಾರುವವನೇ ಬರೆದುಕೊಟ್ಟ ‘ಅಸಲಿ ಸರ್ಟಿಫಿಕೇಟ್’ ಕಾಗದಕ್ಕೆ ಕಾಗದದ ಬೆಲೆ ಮಾತ್ರ.

ಇಟ್ಟುಕೊಳ್ಳುವಾಗ, ಸಾಗಿಸುವಾಗ

ಈ ಬಟ್ಟಲಲ್ಲಿ ಊಟ ಬೇಡ. ಹಳೆಯ ಎನಾಮೆಲ್‌ನಲ್ಲಿ ಸೀಸ ಇರುತ್ತದೆ, ಸಾರು, ಮೊಸರು, ಉಪ್ಪಿನಕಾಯಿಯ ಹುಳಿಗೆ ಅದು ಬಿಟ್ಟುಕೊಳ್ಳಬಹುದು. 2014ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಹೆಚ್ಚು ಕೊಟ್ಟು ಚೆಂಗ್‌ಹುವಾ ಕಾಲದ ಕೋಳಿ ಚಿತ್ರದ ಕಪ್ ಕೊಂಡವರು ಅದರಲ್ಲಿ ಟೀ ಕುಡಿದು ಸುದ್ದಿಯಾದರು. ಅವರ ಕಪ್, ಅವರ ಇಷ್ಟ.

ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತು ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಬಟ್ಟಲು ಅಷ್ಟು ಹಳೆಯದಲ್ಲದಿದ್ದರೂ ನೋಡಲು ಹಾಗೆ ಕಂಡರೆ, ವಿದೇಶಕ್ಕೆ ಒಯ್ಯುವ ಮುಂಚೆ ಭಾರತೀಯ ಪುರಾತತ್ವ ಇಲಾಖೆಯಿಂದ ‘ಪ್ರಾಚ್ಯವಸ್ತು ಅಲ್ಲ’ ಎಂಬ ಪತ್ರ ಮಾಡಿಸಿ. ಚೀನಾದಿಂದಲೂ 1911ಕ್ಕೆ ಮುಂಚಿನ ಸಾಂಸ್ಕೃತಿಕ ವಸ್ತುಗಳನ್ನು ಹೊರಗೆ ತರಲು ಬಿಡುವುದಿಲ್ಲ. ಅಲ್ಲಿ ಬೀದಿಯಲ್ಲಿ ಯಾರಾದರೂ ‘ಕಾಂಗ್‌ಶಿ, ಪ್ಯಾಕ್ ಮಾಡಿಕೊಡ್ತೀನಿ’ ಎಂದರೆ ಎರಡೇ ಸಾಧ್ಯತೆ: ವಸ್ತು ಸುಳ್ಳು, ಅಥವಾ ವ್ಯವಹಾರ ಕಾನೂನಿಗೆ ವಿರುದ್ಧ.

ಊರಿಂದೂರಿಗೆ ಒಯ್ಯುವುದಾದರೆ ಪೇಪರಿನಲ್ಲಿ ನೇರ ಸುತ್ತಬೇಡಿ, ಮಸಿ ಹತ್ತುತ್ತದೆ. ಮೊದಲು ಬಿಳಿ ಟಿಶ್ಯೂ, ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಗಡೆ ಬರುವಂತೆ. ಒಂದು ಡಬ್ಬ, ಅದರ ಹೊರಗೆ ಇನ್ನೊಂದು ಡಬ್ಬ, ಎರಡರ ನಡುವೆ ನಾಲ್ಕು ಬೆರಳು ಹತ್ತಿ ಅಥವಾ ಫೋಮ್. ಅಲ್ಲಾಡಿಸಿದರೆ ಒಳಗೆ ಏನೂ ಸರಿದಾಡಬಾರದು.